ಮೂಲ ಪ್ರತಿಗಳನ್ನು ಹಿಂದಿರುಗಿಸುತ್ತಿದ್ದೇನೆ

ಕರಾಮಾ, ಡಾರ್ವಿನ್
೧೪ ನವೆಂಬರ್ ೨೦೦೪

ಅಬಿಲಿಯೊ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯುವುದು ಪದ್ಧತಿ. ಬರೆಯಲು ಹೋದೆ, ಕೈ ಒಪ್ಪಲಿಲ್ಲ. ‘ಮಾನ್ಯರೇ’ ಎನ್ನೋಣವೆಂದರೆ ನೀನಿನ್ನೂ ಆ ಮಟ್ಟಕ್ಕೆ ಏರಿಲ್ಲ. ಹಾಗಾಗಿ ಬರೀ ಹೆಸರು. ಅದನ್ನಾದರೂ ಸರಿಯಾಗಿ ಬರೆದಿದ್ದೇನೆ ಎಂದುಕೊಂಡಿದ್ದೇನೆ. ನಿನ್ನ ಕಾಗದಗಳಲ್ಲೇ ಅದು ಮೂರು ಥರ ಇದೆ.

ನಿನ್ನ ಪತ್ರ ಬಂತು. ಜುಲ್ಮಿರಾ ಕ್ಷೇಮವಾಗಿ ತಲುಪಿದಳೇ ಎಂದು ಒಂದೇ ಒಂದು ಸಾಲು. ಮಿಕ್ಕಿದ್ದೆಲ್ಲ ನಾನು ನಿನ್ನ ಮಾನ ಕಳೆದದ್ದು, ನಿನ್ನ ಮನೆ ಒಡೆದದ್ದು, ಕಚೇರಿಯಲ್ಲಿ ನೀನು ತಲೆ ಎತ್ತದ ಹಾಗೆ ಮಾಡಿದ್ದು. ಕೊನೆಗೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೂ ಬಿಟ್ಟಿದ್ದೀಯ. ನಿನ್ನ ವೀಸಾ ಅರ್ಜಿಯನ್ನು ನಾನು ಇನ್ನೊಮ್ಮೆ ಹಾಕಬಹುದಂತೆ, ನಿನ್ನ ಕಡೆಯಿಂದ ಏನೂ ಅಡ್ಡಿಯಿಲ್ಲವಂತೆ. ಈ ಭಾಗವನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಜೊತೆಯವರಿಗೆಲ್ಲ ಓದಿ ಹೇಳಿದೆ. ಯಂತ್ರಗಳ ಸದ್ದಿನಲ್ಲೂ ಅವರ ನಗು ಕೇಳಿಸಿತು.

ಹೌದು, ಮಗಳು ತಲುಪಿದಳು. ನಿನ್ನ ಕಾಗದಗಳು ಮಾತ್ರ ನನ್ನಲ್ಲೇ ಉಳಿದಿದ್ದವು, ಈ ಲಕೋಟೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಅದರ ಜೊತೆಗೆ, ನಡೆದದ್ದು ನಡೆದ ಹಾಗೆ ಒಮ್ಮೆ ಬರೆದುಬಿಡುತ್ತೇನೆ. ನೀನು ಅಲ್ಲಿ, ಕಡಲಾಚೆಯ ದಿಲಿಯಲ್ಲಿ, ಅದನ್ನು ಬೇರೆ ರೀತಿ ಹೇಳಿಕೊಂಡು ತಿರುಗುತ್ತಿದ್ದೀಯ ಎಂದು ಕೇಳಿದೆ. ಅರ್ಧ ನಿನಗೆ ಗೊತ್ತೇ ಇಲ್ಲ. ಗೊತ್ತಿರುವ ಅರ್ಧವನ್ನೂ ನೀನು ನೆಟ್ಟಗೆ ಹೇಳುವವನಲ್ಲ.

ಇಂಡೋನೇಷ್ಯದ ಸೈನಿಕರು ನನ್ನ ತಮ್ಮನನ್ನು ಎಳೆದೊಯ್ದು, ಆಮೇಲೆ ನನ್ನ ಹೆಸರನ್ನೂ ವಿಚಾರಿಸತೊಡಗಿದಾಗ ನಾನು ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೆ ಬಂದೆ. ಜುಲ್ಮಿರಾಗೆ ಮೂರು ವರ್ಷ. ಆರು ತಿಂಗಳೊಳಗೆ ಮಗುವನ್ನು ಕರೆದುಕೊಂಡು ನೀನೂ ಹಿಂದೆಯೇ ಬರುವುದೆಂದು ಮಾತಾಗಿತ್ತು. ಆರು ತಿಂಗಳಿಗೆ ನಿನಗೆ ಆ ಸೈನಿಕರದೇ ಸರ್ಕಾರದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ವರ್ಷ ತುಂಬುವುದರೊಳಗೆ ನಾತೆರ್ಸಿಯಾ ಸಿಕ್ಕಳು. ಮಗುವನ್ನು ನೀನು ಮನಾತುತುವಿನಲ್ಲಿ ಗಡಿಗೆ ಮಾಡಿ ಮಾರುವ ನಿನ್ನ ತಾಯಿಯ ಮಡಿಲಿಗೆ ಹಾಕಿ ಕೈ ತೊಳೆದುಕೊಂಡೆ. ಇಲ್ಲಿಯ ಸರ್ಕಾರ ನನಗೆ ‘ಇರು’ ಎನ್ನಲಿಲ್ಲ, ‘ಹೋಗು’ ಎನ್ನಲೂ ಇಲ್ಲ. ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದಿತು, ಅಷ್ಟೇ. ಎಂಟು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ದೇಶ ಉರಿಯಿತು, ಸೈನಿಕರು ಹೋದರು, ಸ್ವಾತಂತ್ರ್ಯ ಬಂತು. ಬಾವುಟ ಬದಲಾದರೂ ನಿನ್ನ ಕುರ್ಚಿ ಅಲ್ಲಾಡಲಿಲ್ಲ. ಆ ವಿದ್ಯೆ ನಿನಗೆ ಚೆನ್ನಾಗಿ ಬರುತ್ತದೆ.

ಹೋದ ವರ್ಷ ನನಗೆ ಇಲ್ಲಿ ನೆಲೆಸುವ ಹಕ್ಕು ಸಿಕ್ಕಿದ ಕೂಡಲೇ ಮಗಳ ಅರ್ಜಿಗೆ ಕೈ ಹಾಕಿದೆ. ಅವಳ ಜನನದ ದಾಖಲೆ ಇದ್ದ ಕಚೇರಿ ತೊಂಬತ್ತೊಂಬತ್ತರ ಗಲಭೆಯಲ್ಲೇ ಸುಟ್ಟು ಬೂದಿಯಾಗಿತ್ತು. ಅವಳು ಹುಟ್ಟಿದ್ದಾಳೆ ಎನ್ನುವುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಮನಾತುತುವಿನ ಇಗರ್ಜಿಯ ಜ್ಞಾನಸ್ನಾನದ ಪುಸ್ತಕ. ಅದನ್ನು ಅಲ್ಲಿಯ ಗಂಟೆ ಬಾರಿಸುವವನು ತಾಡಪಾಲಿನಲ್ಲಿ ಸುತ್ತಿ ಗುಡ್ಡಕ್ಕೆ ಹೊತ್ತೊಯ್ದು ಉಳಿಸಿದ್ದ. ಅತ್ತೆ ಪಾದ್ರಿಯ ಬಾಗಿಲಲ್ಲಿ ಕೂತು, ನಕಲು ಕೈಗೆ ಬರುವ ತನಕ ಏಳಲೇ ಇಲ್ಲವಂತೆ. ನೀನೇನು ಮಾಡಿದೆ ಎಂದು ಕೇಳುವುದಿಲ್ಲ. ಆ ಊರಿಗೆ ನಿನ್ನ ಕಚೇರಿಯ ಜೀಪು ವಾರವಾರ ಹೋಗಿ ಬರುತ್ತದೆ ಎಂದು ಮಾತ್ರ ಜ್ಞಾಪಿಸುತ್ತೇನೆ.

ಆ ನಕಲು ಪೋರ್ಚುಗೀಸಿನಲ್ಲಿತ್ತು. ಇಲ್ಲಿಯ ಅನುವಾದಕರು ಕ್ರಿಸ್ಪಿಂ ಮಾಮ ಅದನ್ನು ಇಂಗ್ಲಿಷಿಗೆ ಮಾಡಿ, ಮುದ್ರೆ ಒತ್ತಿ ಕೊಟ್ಟರು. ಇನ್ನು ಬೇಕಿದ್ದದ್ದು ಒಂದೇ, ತಂದೆಯ ಒಪ್ಪಿಗೆ. ಮಗಳನ್ನು ತಾಯಿಯ ಬಳಿ ಕಳಿಸಲು ನನ್ನ ಅಭ್ಯಂತರವಿಲ್ಲ ಎಂದು ಅಧಿಕಾರಿಯ ಎದುರಲ್ಲಿ ನಿನ್ನದೊಂದು ಸಹಿ.

ನಾನು ಫೋನ್ ಮಾಡಿದಾಗ ನೀನು ಹೇಳಿದ್ದು ನೆನಪಿದೆಯೇ? ನನಗಿದೆ. “ಮಗಳು ಬೇಕು, ಗಂಡ ಬೇಡ ಅಂದ್ರೆ ಹೇಗೆ ಡೊಮಿಂಗಾಸ್? ಸಂಸಾರ ಅಂದ್ಮೇಲೆ ಎಲ್ಲಾ ಒಟ್ಟಿಗೇ. ಅರ್ಜಿಗೆ ನನ್ನ ಹೆಸರೂ ಹಾಕು, ಆಮೇಲೆ ಸಹಿ ಮಾಡ್ತೀನಿ.” ಮೇಕೆ ಬೇಕಾದರೆ ಹಗ್ಗವನ್ನೂ ಕೊಳ್ಳಬೇಕು ಎನ್ನುವ ಸಂತೆ ವ್ಯಾಪಾರಿಯ ದನಿ. ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಯಾರ ಮಕ್ಕಳು ಎಂದು ಕೇಳಿದೆ. “ಅಕ್ಕಪಕ್ಕದವರು,” ಎಂದೆ ನೀನು.

ತಿಂಗಳೊಪ್ಪತ್ತಿನಲ್ಲಿ ನಿನ್ನ ಕಾಗದಗಳ ಕಟ್ಟು ಬಂತು. ಅದನ್ನು ಕ್ರಿಸ್ಪಿಂ ಮಾಮನ ಹತ್ತಿರ ಒಯ್ದೆ. ಅವರನ್ನು ನೀನು ನೋಡಿಲ್ಲ. ಪಾದ್ರಿಯಾಗಲೆಂದು ಓದುತ್ತಿದ್ದವರು, ಮಠದ ಅಡುಗೆಯವಳ ಮಗಳನ್ನು ಕಂಡು ಓದು ಬಿಟ್ಟರು. ಈಗ ನೈಟ್‌ಕ್ಲಿಫ್‌ನಲ್ಲಿ ಚೀನಿಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅನುವಾದ ಮಾಡಿಕೊಡುತ್ತಾರೆ. ಸರ್ಕಾರ ಅವರನ್ನು ಒಪ್ಪಿದೆ, ಅವರ ಮುದ್ರೆ ಬಿದ್ದ ಕಾಗದವನ್ನು ವಲಸೆ ಕಚೇರಿ ಮರುಮಾತಿಲ್ಲದೆ ತೆಗೆದುಕೊಳ್ಳುತ್ತದೆ. ಅವರದ್ದೊಂದು ಅಭ್ಯಾಸವಿದೆ. ಬರೆಯಲು ಕೂರುವ ಮೊದಲು ಇಡೀ ಕಾಗದವನ್ನು ಇಗರ್ಜಿಯಲ್ಲಿ ಪಾಠ ಓದುವ ರಾಗದಲ್ಲಿ ಗಟ್ಟಿಯಾಗಿ ಓದುತ್ತಾರೆ. ಕಾಗದದ ಮೇಲೆ ಏನಿದ್ದರೂ ಅವರು ಬಿಡುವ ಹಾಗಿಲ್ಲ. ಸಹಿ ಓದಲಾಗದಿದ್ದರೆ ‘ಸಹಿ ಓದಲಾಗದು’ ಎಂದೇ ಬರೆಯಬೇಕು. ನಿನ್ನ ಹಳೆಯ ಗುರುತಿನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇಲ್ಲೊಂದು ಎಣ್ಣೆ ಕಲೆ ಇದೆಯಲ್ಲಮ್ಮಾ. ಏನು ತಿಂತಾ ಇದ್ದ ನಿನ್ನ ಗಂಡ?” ಎಂದರು. ನನಗೆ ಹೇಗೆ ಗೊತ್ತಿರಬೇಕು, ಬಡಿಸಿದವಳನ್ನು ಕೇಳಬೇಕು ಎಂದೆ.

ಆಮೇಲೆ ಫೋಟೋಗಳು. ನಾವಿಬ್ಬರೂ ಇರುವುದು ಮದುವೆಯ ದಿನದ್ದೊಂದೇ. ಇನ್ನೊಂದರಲ್ಲಿ ನೀನೊಬ್ಬನೇ ಕಡಲ ದಂಡೆಯ ಬೆಂಚಿನಲ್ಲಿ ವಿರಹದಿಂದ ಕೂತಿದ್ದೀಯ. ಪಕ್ಕದಲ್ಲಿದ್ದವಳನ್ನು ಕತ್ತರಿಯಲ್ಲಿ ಕತ್ತರಿಸಿದ್ದೀಯ, ಆದರೆ ಕೆಲಸ ಪೂರ್ತಿ ಮಾಡಿಲ್ಲ. ನಿನ್ನ ಭುಜದ ಮೇಲೆ ನಾಲ್ಕು ಬೆರಳು, ಒಂದು ಉಂಗುರ ಉಳಿದಿವೆ. ಕ್ರಿಸ್ಪಿಂ ಮಾಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಇದನ್ನ ಅನುವಾದ ಮಾಡೋದು ನನ್ನ ಕೈಲಾಗಲ್ಲಮ್ಮಾ,” ಎಂದು ಪಕ್ಕಕ್ಕಿಟ್ಟರು.

ಕಟ್ಟಿನ ತಳದಲ್ಲಿ ನಿನ್ನ ಹೇಳಿಕೆ. ನಮ್ಮ ದಾಂಪತ್ಯ ಜೀವಂತವಾಗಿದೆ ಎಂದು ನಿವೃತ್ತ ಮೇಷ್ಟ್ರೊಬ್ಬರಿಂದ ಪೋರ್ಚುಗೀಸಿನಲ್ಲಿ ಬರೆಸಿದ ಆ ಮಹಾಕಾವ್ಯ. ನೀನು ದಿನವೂ ಸಂಜೆ ದಿಲಿಯ ದಂಡೆಯಲ್ಲಿ ನಿಂತು, ಅಲೆಗಳನ್ನು ದಾಟಿ, ದಕ್ಷಿಣದಲ್ಲಿರುವ ನನ್ನ ಕಡೆ ನೋಡುತ್ತೀಯಂತೆ. ಅಯ್ಯಾ, ದಿಲಿಯ ಕಡಲು ಇರುವುದು ಉತ್ತರಕ್ಕೆ. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕಾಣುವುದು ಗುಡ್ಡ, ಗುಡ್ಡದ ಕೆಳಗೆ ನೀನು ಕುಡಿಯಲು ಹೋಗುವ ಅಂಗಡಿ. ಒಂಬತ್ತು ವರ್ಷ ಕಡಲಿಗೆ ಬೆನ್ನು ಹಾಕಿ ನನ್ನನ್ನು ನೆನೆದೆ ಎಂದಾಯಿತು, ಅದು ಮಾತ್ರ ನಿಜವಿರಬಹುದು.

ಮುಂದಿನ ಭಾಗ ಬಂದಾಗ ಕ್ರಿಸ್ಪಿಂ ಮಾಮನ ರಾಗ ನಿಂತಿತು. ತಗ್ಗಿದ ದನಿಯಲ್ಲಿ ಓದಿದರು. ನಿನ್ನ ಮನೆಗೆ ನಾತೆರ್ಸಿಯಾ ಎಂಬ ದೂರದ ಸಂಬಂಧಿ ಬಟ್ಟೆ ಒಗೆಯಲು ಬರುತ್ತಾಳೆ. ಅವಳ ಜೊತೆಗಿರುವ ಮೂವರು ಮಕ್ಕಳು ಗಲಭೆಯಲ್ಲಿ ತಂದೆಯನ್ನು ಕಳೆದುಕೊಂಡ ಅನಾಥರು. ನೀನು ಕ್ರೈಸ್ತ ಕರುಣೆಯಿಂದ ಅವರಿಗೆ ಅನ್ನ ಹಾಕುತ್ತಿದ್ದೀಯ.

ನೀನು ನನಗೆ ಮಾಡಿದ್ದಕ್ಕೆ ನಾನು ಎಂದೋ ಅತ್ತು ಮುಗಿಸಿದ್ದೆ. ಈ ಸಾಲಿಗೆ ಮಾತ್ರ ಮೈ ಉರಿಯಿತು. ಆ ಮಕ್ಕಳ ಮುಖವನ್ನು ನಾನು ಕಂಡವಳಲ್ಲ, ಅವರ ತಾಯಿಯ ಮೇಲೆ ನನಗೆ ಅಕ್ಕರೆಯೂ ಇರಲಿಲ್ಲ. ಆದರೂ ಒಂದು ವೀಸಾಕ್ಕಾಗಿ ನಿನ್ನ ಮಕ್ಕಳನ್ನು ನೀನೇ ಅನಾಥರನ್ನಾಗಿ ಮಾಡಿ, ಅವರಿಗೆ ಅನ್ನ ಹಾಕಿದ ಪುಣ್ಯವನ್ನೂ ನಿನ್ನ ಲೆಕ್ಕಕ್ಕೇ ಬರೆದುಕೊಂಡೆಯಲ್ಲ. ಹೇಡಿಗಳನ್ನು ನೋಡಿದ್ದೇನೆ. ಇಷ್ಟು ಅಚ್ಚುಕಟ್ಟಾದ ಹೇಡಿಯನ್ನು ನೋಡಿರಲಿಲ್ಲ.

ಆದರೂ ಕ್ರಿಸ್ಪಿಂ ಮಾಮ ಅದನ್ನು ಇಂಗ್ಲಿಷಿಗೆ ಮಾಡಿದರು, ನಾನು ಮಾಡಿಸಿದೆ. “ಅವನು ನಿನ್ನ ಗಂಡ ಅಂತ ಬಾಯಿ ಮುಚ್ಕೊಂಡು ಸಹಿ ಹಾಕಿಬಿಡಮ್ಮಾ. ಬರಲಿ ಅವನು. ಬಂದ್ಮೇಲೆ ಬಾಗಿಲಾಚೆ ಮಲಗಿಸು. ಮಗಳು ಸಿಗ್ತಾಳಲ್ಲ,” ಎಂದರು. ಅದೇ ವಾರ ಅತ್ತೆ ಫೋನಿನಲ್ಲಿ ಹೇಳಿದ್ದರು, ನೀನು ಜುಲ್ಮಿರಾಳನ್ನು ಶಾಲೆ ಬಿಡಿಸಿ, ಆ ಮಕ್ಕಳನ್ನು ನೋಡಿಕೊಳ್ಳಲು ದಿಲಿಗೆ ಕರೆಸಿಕೊಳ್ಳುವ ಮಾತಾಡುತ್ತಿದ್ದೀಯ ಎಂದು. ಹಾಗಾಗಿ ನಾನು ಮನಸ್ಸು ಗಟ್ಟಿ ಮಾಡಿ, ಸಹಿ ಹಾಕಿಯೇ ಬಿಡುವುದೆಂದು ಕ್ಯಾಸುವರೀನಾದ ಗ್ರಂಥಾಲಯಕ್ಕೆ ಹೋದೆ. ಅಲ್ಲೊಬ್ಬ ಬಿಳಿಯ ಹೆಂಗಸು ಇಂಥ ಪ್ರಮಾಣದ ಕಾಗದಗಳಿಗೆ ಸಾಕ್ಷಿಯಾಗಿ ಸಹಿ ಹಾಕಲು ಕೂರುತ್ತಾರೆ. ನನ್ನ ಪ್ರಮಾಣಕ್ಕೆ ನಿನ್ನ ಹೇಳಿಕೆಯನ್ನು ಲಗತ್ತಿಸಿದ್ದೆ. ಆಕೆ ಅದನ್ನು ಸುಮ್ಮನೆ ಮಗುಚಿದರೆ ಸಾಕಿತ್ತು, ಓದತೊಡಗಿದರು. ಓದುತ್ತಾ ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಎಂಥಾ ಮನುಷ್ಯ ರೀ ನಿಮ್ಮ ಯಜಮಾನ್ರು! ಬೇರೆಯವರ ಮಕ್ಕಳನ್ನೂ ಸಾಕ್ತಿದ್ದಾರೆ. ನನ್ನ ಗಂಡ ನಾಯಿಗೂ ಒಂದು ಹೊತ್ತು ಊಟ ಹಾಕಿದವನಲ್ಲ,” ಎಂದರು. ಆಮೇಲೆ ಪೆನ್ನನ್ನು ನನ್ನ ಕಡೆ ಸರಿಸಿ, “ಇದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀರಾ?” ಎಂದು ಕೇಳಿದರು.

ನನಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದೆ, ಉಪಯೋಗವಾಗಲಿಲ್ಲ. ಪುಸ್ತಕ ಓದುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ಆ ಪಾಪದ ಹೆಂಗಸು ಸಂತೋಷದ ನಗು ಎಂದುಕೊಂಡು ನನ್ನ ಕೈ ಹಿಡಿದು ತಾವೂ ನಕ್ಕರು. ನಗು ನಿಂತ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ನಿನ್ನನ್ನು ಗಂಡನೆಂದು ಹೇಳುವುದು ಸುಳ್ಳು ಪ್ರಮಾಣವಾಗುತ್ತದೆ, ಅದು ಒತ್ತಟ್ಟಿಗಿರಲಿ. ಅದಕ್ಕಿಂತ ಹೆಚ್ಚಾಗಿ ಅದು ನನಗೆ ನಾಚಿಕೆಗೇಡು. ಕಾಗದಗಳನ್ನು ಎತ್ತಿಕೊಂಡು ಎದ್ದುಬಂದೆ.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ನೀನು ಆ ಹೇಳಿಕೆಯನ್ನು ಪೋರ್ಚುಗೀಸಿನಲ್ಲಿ ಬರೆಸಿದ್ದು ಚೆಂದಕ್ಕಲ್ಲ. ನಾತೆರ್ಸಿಯಾ ಓದಿದ್ದು ಇಂಡೋನೇಷ್ಯದವರ ಶಾಲೆಯಲ್ಲಿ, ಆ ಭಾಷೆ ಅವಳಿಗೆ ಬರುವುದಿಲ್ಲ. ಅತ್ತೆಗೆ ಅಕ್ಷರವೇ ಬಾರದು. ನಿನ್ನ ಮನೆಯ ಮೇಜಿನ ಮೇಲೆ ಆ ಹಾಳೆಗಳು ವಾರಗಟ್ಟಲೆ ಬಿದ್ದಿದ್ದರೂ ಭಯವಿರಲಿಲ್ಲ.

ಅಲ್ಲಿಂದ ನೇರ ನೈಟ್‌ಕ್ಲಿಫ್‌ಗೆ ಹೋಗಿ, “ಮಾಮ, ಇದನ್ನ ನಮ್ಮೂರ ಭಾಷೆಗೆ, ತೆತುಮ್‌ಗೆ ಮಾಡಿಕೊಡಿ,” ಎಂದೆ.

“ತೆತುಮ್‌ಗಾ? ಯಾವ ಕಚೇರಿಯಲ್ಲಿ ಕೇಳಿದ್ರು?”

“ಕಚೇರಿಯವರಲ್ಲ. ಅವನ ಬಟ್ಟೆ ಒಗೆಯೋ ಸಂಬಂಧಿಗೆ ಓದಬೇಕಂತೆ.”

ಅವರು ಹಣೆ ಚಚ್ಚಿಕೊಂಡರು. “ಇದು ಸಂಸಾರದೊಳಗೆ ಬೆಂಕಿ ಹಾಕೋ ಕೆಲಸ ಕಣಮ್ಮಾ.”

“ನಾನು ಒಂದಕ್ಷರ ಸೇರಿಸಿ ಅಂದ್ನಾ? ಅವನ ಮಾತೇ ಮಾಮ. ಮನೆಯವರಿಗೆ ಅರ್ಥವಾಗೋ ಭಾಷೇಲಿ ಇರಲಿ ಅಂದೆ, ಅಷ್ಟೇ.”

ಅವರು ಪೆನ್ಸಿಲ್ ಚೂಪು ಮಾಡಿಕೊಂಡರು. ನನ್ನೆದುರಿಗೇ ಬರೆದರು, ಎರಡು ಸಲ ಅವರಿಗೂ ನಗು ತಡೆಯಲಾಗಲಿಲ್ಲ.

ದಿಲಿಗೆ ಹೊರಟಿದ್ದ ಕಾನ್ವೆಂಟಿನ ಸಿಸ್ಟರ್ ಒಬ್ಬರ ಕೈಯಲ್ಲಿ ಲಕೋಟೆಯನ್ನು ಅತ್ತೆಗೆ ಕಳಿಸಿದೆ, ಮೇಲೆ ನಾತೆರ್ಸಿಯಾಳ ಹೆಸರು ಬರೆದು. ಮುಂದಿನದಕ್ಕೆ ನೀನೇ ಸಾಕ್ಷಿ. ನನಗೂ ಸಾಕ್ಷಿಯಿದ್ದಾಳೆ, ಜುಲ್ಮಿರಾ. ಅವಳು ನಿಮ್ಮೆಲ್ಲರ ದನಿಗಳನ್ನೂ ಅನುಕರಿಸಿ ತೋರಿಸಿದಳು. ನಿನ್ನದು ಅವಳಿಗೆ ತುಂಬಾ ಚೆನ್ನಾಗಿ ಬರುತ್ತದೆ.

ಅತ್ತೆ ಮೊಮ್ಮಗಳನ್ನು ಕರೆದುಕೊಂಡು, ಮೇಕೆಗಳ ನಡುವೆ ಬಸ್ಸಿನಲ್ಲಿ ಕೂತು ದಿಲಿಗೆ ಬಂದರು. ನಾತೆರ್ಸಿಯಾ ಇಸ್ತ್ರಿ ಮಾಡುತ್ತಿದ್ದಳು, ನಿನ್ನದೇ ಅಂಗಿ. ನಿಂತಲ್ಲೇ ಓದಿದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು, ಅಂಗಿಯನ್ನು ಸುಡಲಿಲ್ಲ. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ನೀನು ಕಚೇರಿಯಿಂದ ಬರುವ ತನಕ ಅತ್ತೆಗೆ ಕಾಫಿ ಕೊಟ್ಟು, ಮಕ್ಕಳಿಗೆ ತಲೆ ಬಾಚಿ, ಮೂವರನ್ನೂ ಸಾಲಾಗಿ ಬಾಗಿಲಲ್ಲಿ ಕೂರಿಸಿದಳು. ನೀನು ಚಪ್ಪಲಿ ಬಿಡುತ್ತಿದ್ದಂತೆ ಗಟ್ಟಿಯಾಗಿ ಓದತೊಡಗಿದಳು. ಅಕ್ಕಪಕ್ಕದವರು ಬೇಲಿಗೆ ಬಂದು ನಿಂತರು. ಈ ಸಲ ನಿಜವಾದ ಅಕ್ಕಪಕ್ಕದವರು.

ದಕ್ಷಿಣದ ಕಡಲು ಬಂದಾಗ ಬೇಲಿಯಾಚೆ ಯಾರೋ “ಯಾವ ಕಡಲೋ ಮಾರಾಯಾ?” ಎಂದು ಕೂಗಿದರಂತೆ. ಅನಾಥರ ಸಾಲು ಬಂದಾಗ ಮಾತ್ರ ಯಾರೂ ನಗಲಿಲ್ಲ. ಆಗ ನಿನ್ನ ಕೊನೆಯ ಮಗ ನಿನ್ನ ಪ್ಯಾಂಟು ಹಿಡಿದು ಕೇಳಿದನಂತಲ್ಲ, “ಅಪ್ಪಾ, ನೀನು ಯಾವಾಗ ಸತ್ತೆ?”

ಇದನ್ನು ಹೇಳುವಾಗ ಜುಲ್ಮಿರಾ ಅನುಕರಣೆ ಮಾಡಲಿಲ್ಲ.

ನೀನು ಅದು ಬರೀ ಕಾಗದ, ಆಸ್ಟ್ರೇಲಿಯಾದವರಿಗೆ ಹಾಗೇ ಬರೆಯಬೇಕು, ಎಲ್ಲರೂ ಬರೆಯುತ್ತಾರೆ ಎಂದೆ. ಅಲ್ಲಿ ಹೋಗಿ ನೆಲೆ ನಿಂತು ಎಲ್ಲರನ್ನೂ ಕರೆಸಿಕೊಳ್ಳುತ್ತಿದ್ದೆ ಎಂದೂ ಹೇಳಿದೆಯಂತೆ. ಹೇಗೆ ಕರೆಸಿಕೊಳ್ಳುತ್ತಿದ್ದೆ, ಸತ್ತವನ ಮಕ್ಕಳನ್ನು? ನಾತೆರ್ಸಿಯಾ ಕೂಗಾಡಲಿಲ್ಲ. “ನಿನ್ನ ಮೊದಲ ಹೆಂಡತಿಗೆ ಅವಳ ಮಗಳನ್ನ ಕೊಡು. ನಾಳೆ ಬೆಳಿಗ್ಗೆ ನಾನೂ ಬರ್ತೀನಿ, ನನ್ನ ಕಣ್ಣೆದುರಿಗೆ ಸಹಿ ಹಾಕು. ಇಲ್ಲಾಂದ್ರೆ ಈ ಕಾಗದ ನಿನ್ನ ಕಚೇರಿ ಗೋಡೆ ಮೇಲಿರುತ್ತೆ. ಅಲ್ಲಿ ಎಲ್ರಿಗೂ ತೆತುಮ್ ಬರುತ್ತೆ,” ಎಂದಳು. ಆಗ ನೀನು ತಾಯಿಯ ಕಡೆ ತಿರುಗಿದೆ. ಪ್ರತಿ ಸಲ ಅಲ್ಲಿಗೇ ಓಡುವುದಲ್ಲವೇ. ಅತ್ತೆ ಲೋಟ ಕೆಳಗಿಟ್ಟು, “ಅಮ್ಮನ್ನೂ ಮಗಳನ್ನೂ ಜೊತೇಲಿಟ್ಕೊಂಡು ಒಂಟಿಯಾಗಿದೀನಿ ಅಂತ ಬರೆಸಿದೀಯಲ್ಲೋ. ನೀನು ನಮ್ಮ ಮನೆ ಹೊಸ್ತಿಲು ತುಳಿದು ಎಷ್ಟು ವರ್ಷವಾಯ್ತು? ನಾನು ಹೆತ್ತಿದ್ದು ನಿನ್ನನ್ನ. ಈ ಕಾಗದದಲ್ಲಿರೋ ಸಂತ ಯಾರೋ ನಂಗೊತ್ತಿಲ್ಲ,” ಎಂದರು.

ಮಾರನೆಯ ದಿನ ನೀನು ಸಹಿ ಹಾಕಿದೆ. ಒಪ್ಪಿಗೆ ಪತ್ರದಲ್ಲಿ ನಿನ್ನ ಹೆಸರು ತಪ್ಪಿಲ್ಲದೆ ಇತ್ತು, ನಾತೆರ್ಸಿಯಾ ಅಕ್ಷರ ಅಕ್ಷರ ನೋಡಿ ಬರೆಸಿದಳಂತೆ. ಕ್ರಿಸ್ಪಿಂ ಮಾಮ ಅದಕ್ಕೆ ಮುದ್ರೆ ಒತ್ತುವಾಗ, “ಇವನ ಕಾಗದಗಳಲ್ಲಿ ನಿಜ ಇರೋದು ಇದೊಂದೇ,” ಎಂದರು.

ನಾನು ಮನೆ ಒಡೆದೆ ಎನ್ನುತ್ತೀಯ. ನಾನು ಮಾಡಿಸಿದ್ದು ಅನುವಾದ. ಆ ಮಾತುಗಳಿಂದ ಒಡೆಯುವ ಮನೆಯಲ್ಲಿ ಕೂತು ಅವನ್ನು ಬರೆಸಿದವನು ನೀನು. ನಾತೆರ್ಸಿಯಾ ನಿನ್ನನ್ನು ಇನ್ನೂ ಹೊರಗೆ ಹಾಕಿಲ್ಲ, ಹಿಂದಿನ ಜಗಲಿಯಲ್ಲಿ ಚಾಪೆ ಕೊಟ್ಟಿದ್ದಾಳೆ ಎಂದು ಕೇಳಿದೆ. ನನಗಿಂತ ದೊಡ್ಡ ಮನಸ್ಸು. ನಾನಾಗಿದ್ದರೆ ಚಾಪೆ ಕೊಡುತ್ತಿರಲಿಲ್ಲ.

ಜುಲ್ಮಿರಾಗೆ ಈಗ ಹನ್ನೆರಡು. ವಿಮಾನ ನಿಲ್ದಾಣದಲ್ಲಿ ನನಗಿಂತ ಎತ್ತರದ ಹುಡುಗಿಯೊಬ್ಬಳು, ತೋಳಲ್ಲಿ ಅಜ್ಜಿ ಕೊಟ್ಟ ಗಡಿಗೆ ಹಿಡಿದು, ನನ್ನ ಮುಖ ನೋಡಿ ಬೇರೆ ಯಾರನ್ನೋ ಹುಡುಕಿದಳು. ಮೊದಲ ವಾರಗಳಲ್ಲಿ ನನ್ನನ್ನು ‘ನೀವು’ ಎನ್ನುತ್ತಿದ್ದಳು, ಹೊಸ ಟೀಚರಿಗೆ ಹೇಳುವಂತೆ. ಈಗ ಸಿಟ್ಟು ಬಂದಾಗ ಮಾತ್ರ ‘ನೀನು’ ಎನ್ನುತ್ತಾಳೆ. ಹಾಗಾಗಿ ದಿನಕ್ಕೊಂದಾದರೂ ಜಗಳ ತೆಗೆಯುತ್ತಿದ್ದೇನೆ. ಇದು ನಿನಗೆ ಅರ್ಥವಾಗಬೇಕಾಗಿಲ್ಲ. ಅವಳು ನಿನಗೆ ಬರೆಯುವುದಾದರೆ ನಾನು ತಡೆಯುವುದಿಲ್ಲ, ಅವಳ ಪರವಾಗಿ ಬರೆಯುವುದೂ ಇಲ್ಲ.

ಇನ್ನು ಮುಂದೆ ನಿನ್ನ ಅರ್ಜಿಯ ವಿಷಯ ನನಗೆ ಬರೆಯಬೇಡ. ಬೇರಾಗುವ ಕಾಗದಗಳು ಸಿದ್ಧವಾಗುತ್ತಿವೆ. ಬಂದಾಗ ಸಹಿ ಹಾಕು. ಓದಲು ಕಷ್ಟವಾದರೆ ನಾತೆರ್ಸಿಯಾಗೆ ಕೊಡು, ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಇರುತ್ತದೆ.

ಇಲ್ಲಿಗೆ ನಿನ್ನ ಗುರುತಿನ ಚೀಟಿ, ಮದುವೆಯ ಫೋಟೋ, ಬೆರಳುಗಳಿರುವ ಫೋಟೋ, ಆ ಹೇಳಿಕೆ ಎಲ್ಲ ನಿನಗೆ ಸಂದಾಯ.

ಡೊಮಿಂಗಾಸ್
ಜುಲ್ಮಿರಾಳ ತಾಯಿ

ತಾ.ಕ.: ಹೇಳಿಕೆಯ ಕೊನೆಯ ಹಾಳೆ ಕಾಣಲಿಲ್ಲವೆಂದು ಅಂಚೆಯವರನ್ನು ಬೈಯಬೇಡ. ಅದನ್ನು ಕಳಿಸಿಲ್ಲ. ನಾನು ಹೋದ ದಿನ ಮಗು ನನ್ನ ಹಳೆಯ ಚಪ್ಪಲಿ ಹಾಕಿಕೊಂಡೇ ನಿದ್ದೆ ಹೋಯಿತು, ಬೆಳಗಿನವರೆಗೂ ಅದನ್ನು ಬಿಚ್ಚಲು ನಿನಗೆ ಮನಸ್ಸಾಗಲಿಲ್ಲ ಎಂದು ಅದರಲ್ಲಿದೆ. ಆ ಮೇಷ್ಟ್ರಿಗೆ ಅಂಥದ್ದನ್ನು ಕಟ್ಟಿ ಬರೆಯಲು ಬರುವುದಿಲ್ಲ. ನಿನಗೂ ಬರುವುದಿಲ್ಲ. ತೆತುಮ್‌ಗೆ ಮಾಡಿಸುವಾಗ ಆ ಸಾಲನ್ನು ಬಿಟ್ಟುಬಿಡಿ ಎಂದೆ, ಪೂರ್ತಿಯಲ್ಲದ ಅನುವಾದಕ್ಕೆ ಕ್ರಿಸ್ಪಿಂ ಮಾಮ ಮುದ್ರೆ ಒತ್ತಲಿಲ್ಲ. ನಾತೆರ್ಸಿಯಾ ಅದನ್ನು ಓದಿಲ್ಲ, ಜುಲ್ಮಿರಾಗೂ ತೋರಿಸಿಲ್ಲ. ಹಾಳೆ ನನ್ನ ಹತ್ತಿರವೇ ಇರುತ್ತದೆ. ಕೇಳಬೇಡ.